ಗೋಣಿ ತುಂಡಿನ ಅಂಚು

ವಾಷಿಂಗ್ ಮೆಷಿನ್ ಬರಬೇಕಾದ ಜಾಗದಲ್ಲಿ ಗೌಜಲಹಕ್ಕಿಗಳಿದ್ದವು. ಅಡುಗೆಮನೆಯ ಹಿಂದಿನ ಬಾಲ್ಕನಿ ನಾಲ್ಕಡಿ ಅಗಲ, ಏಳಡಿ ಉದ್ದ. ಅಷ್ಟರಲ್ಲಿ ಒಂದು ನಲ್ಲಿ, ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲು, ಎದುರಿಗೆ ಮೂರು ಅಂತಸ್ತಿನ ತಂತಿ ಪಂಜರ. ಪಂಜರ ತಂದವರು ಬೈಂಡರ ಹೆಂಡತಿ. ಮುಷ್ಟಿಯೊಳಗೆ ಅಡಗುವಷ್ಟು ದಪ್ಪದ ಆ ಕಂದು ಹಕ್ಕಿಗಳಿಗೆ ಕಾಳು ಹಾಕುತ್ತಿದ್ದವರು, ನೀರು ಬದಲಿಸುತ್ತಿದ್ದವರು, ಚುಕ್ಕೆಚುಕ್ಕೆಯ ಪುಟ್ಟ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಬರುತ್ತಿದ್ದವರು ಅವರೇ. ಅವರು ತೀರಿಕೊಂಡು ಏಳು ತಿಂಗಳಾಗಿತ್ತು. ಹದಿನೈದಿದ್ದ ಹಕ್ಕಿ ಒಂಬತ್ತಕ್ಕಿಳಿದಿತ್ತು. ಉಳಿದವಕ್ಕೂ ವಯಸ್ಸಾಗಿತ್ತು.

ಬೈಂಡರು ನಲವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದವರು. ಕೆಲಸ ಬಿಟ್ಟು ಆರು ವರ್ಷವಾದರೂ ಬೀದಿಯವರಿಗೆ ಅವರು ಬೈಂಡರೇ. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನಕ್ಕೆ ಮುನ್ನೂರು ಚಾದರ ಅವಳ ಕೈಯಿಂದ ದಾಟಿ ಹೋಗುತ್ತಿದ್ದವು. ಅಲ್ಲಿ ಕೋಣೆಯಷ್ಟು ದೊಡ್ಡ ಮೆಷಿನ್ನುಗಳಿದ್ದವು. ಮನೆಗೆ ಬಂದು ನಾಲ್ವರ ಬಟ್ಟೆಯನ್ನು ಅವಳು ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತಿದ್ದಳು, ಬೆನ್ನಿಗೆ ಪಂಜರ ತಾಗದಂತೆ ಒಂದು ಪಕ್ಕಕ್ಕೆ ಓರೆಯಾಗಿ ಕೂತು.

"ಊರಿನವರ ಬಟ್ಟೆಗೆಲ್ಲ ಮೆಷಿನ್ನು, ನಮ್ಮನೆ ಬಟ್ಟೆಗೆ ನನ್ನ ಸೊಂಟ," ಎಂದು ಅವಳು ಗಂಡನಿಗೆ ಹೇಳಿದ್ದು ಬೈಂಡರ ಕಿವಿಗೂ ಬಿದ್ದಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಮಾತು ತೆಗೆದ.

"ಅಪ್ಪ, ಆ ಹಕ್ಕಿ ಇನ್ನೆಷ್ಟು ದಿನ?"

"ಯಾಕೆ, ನಿನ್ನನ್ನೇನು ಕೇಳ್ತಿವೆ?"

"ಮೊಟ್ಟೆ ಇಡೋದೂ ನಿಲ್ಲಿಸ್ತಾ ಬಂದಿವೆ."

"ನಾನೂ ದುಡಿಯೋದು ನಿಲ್ಲಿಸಿದೀನಿ. ನನ್ನನ್ನೂ ಗುಜರಿಗೆ ಹಾಕ್ತೀಯಾ?"

"ತಾತ ಮೊಟ್ಟೆ ಇಡ್ತಿದ್ರಾ?" ಎಂದಳು ಮೊಮ್ಮಗಳು. ಒಂಬತ್ತು ವರ್ಷದ ಹುಡುಗಿ. ತೊಟ್ಟಿಲಲ್ಲಿದ್ದಾಗ ಸಣ್ಣ ದನಿಯಲ್ಲಿ ಉದ್ದಕ್ಕೆ ಅಳುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ಪಿಟೀಲು ಎಂದೇ ಹೆಸರು. ಸೊಸೆ ನೀರಿನ ಲೋಟ ಬಾಯಿಗಿಟ್ಟುಕೊಂಡು ನಗು ಮರೆಸಿದಳು. ಬೈಂಡರು ಅದನ್ನೂ ನೋಡಿದರು.

"ಒಂದು ಸಲ ಮರಿ ಮಾಡಿಸ್ತೀನಿ," ಎಂದರು. "ಒಂದೇ ಸಲ. ಉಳಿದ್ರೆ ಪಂಜರ ಇರ್ಲಿ. ಉಳೀದಿದ್ರೆ ನೀನು ಗುಜರಿಯವನನ್ನ ಕರಿ, ನಾನು ಅಡ್ಡ ಬರಲ್ಲ."

"ಉಳಿದ್ರೆ ಅಂದ್ರೆ ಎಷ್ಟು ಮಾವ?" ಎಂದು ಕೇಳಿದವಳು ಸೊಸೆ.

ಬೈಂಡರು ಅನ್ನ ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. ಒಂದು ಗಂಡಿಗೆ ಮೂರು ಹೆಣ್ಣು ಎಂದು ಹೆಂಡತಿ ಹೇಳಿದ್ದು ನೆನಪಿತ್ತು. "ನಾಲ್ಕು. ನಾಲ್ಕಕ್ಕಿಂತ ಕಡಿಮೆಯಾದ್ರೆ ಅದು ಹಿಂಡಲ್ಲ."

"ಸರಿ," ಎಂದಳು ಸೊಸೆ. ಅಲ್ಲಿಗೆ ಮಾತು ಮುಗಿಯಿತು.

ಪಂಜರದ ಗೌಜಲು ಮೊಟ್ಟೆ ಇಡುತ್ತದೆಯೇ ಹೊರತು ಕಾವಿಗೆ ಕೂರುವುದಿಲ್ಲ. ಅದಕ್ಕೆಂದೇ ಹೆಂಡತಿ ಸೂಟ್‌ಕೇಸಿನಷ್ಟು ದೊಡ್ಡ ಒಂದು ಕಾವುಪೆಟ್ಟಿಗೆ ಇಟ್ಟುಕೊಂಡಿದ್ದರು. ಬೈಂಡರು ಅದನ್ನು ಅಟ್ಟದಿಂದ ಇಳಿಸಿ, ಒರೆಸಿ, ಹದಿನಾಲ್ಕು ಮೊಟ್ಟೆ ಜೋಡಿಸಿದರು. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ. ದಿನಕ್ಕೆ ಮೂರು ಸಲ ಹೊರಳಿಸುವಾಗ ಒಂದೂ ತಪ್ಪಬಾರದಲ್ಲ.

ಕಾವಿನ ದಿನಗಳಲ್ಲಿ ಅವರು ಮರಿಗಳಿಗೆ ಮನೆ ಕಟ್ಟಿದರು. ಅಟ್ಟದ ಮೇಲೆ ಹೆಂಡತಿ ಮರಿ ಸಾಕುತ್ತಿದ್ದ ಹಣ್ಣಿನ ಪೆಟ್ಟಿಗೆ ಸಿಕ್ಕಿತು. ತಳದಲ್ಲಿ ಹಿಕ್ಕೆಯ ಕಲೆ ಹತ್ತಿದ ಒಂದು ಗೋಣಿ ತುಂಡು. ಬೈಂಡರು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಬಿಟ್ಟರು, ಪೆಟ್ಟಿಗೆಯನ್ನು ಬೀದಿ ಬದಿಗಿಟ್ಟು ಬಂದರು. ಆಮೇಲೆ ದಪ್ಪ ರಟ್ಟು ಕತ್ತರಿಸಿ, ಮೂಲೆಗಳಿಗೆ ಬಟ್ಟೆಪಟ್ಟಿ ಅಂಟಿಸಿ, ಒಳಗೋಡೆಗೆ ಬಿಳಿ ಕಾಗದ ಹೊದಿಸಿ ಹೊಸ ಪೆಟ್ಟಿಗೆ ಮಾಡಿದರು. ಮುಗಿದಾಗ ಅದು ಮರಿ ಸಾಕುವ ಪೆಟ್ಟಿಗೆಯಂತಿರದೆ, ಯಾವುದೋ ಸಭೆಯಲ್ಲಿ ದೊಡ್ಡ ಮನುಷ್ಯರಿಗೆ ಕೊಡುವ ಉಡುಗೊರೆಯಂತಿತ್ತು. ತಳಕ್ಕೆ ಹಾಸಲು ಅವರ ಬಳಿ ಆರ್ಟ್ ಪೇಪರಿನ ಕತ್ತರಿಕೆಗಳ ಒಂದು ಕಟ್ಟೇ ಇತ್ತು. ಪ್ರೆಸ್ಸಿನಲ್ಲಿ ಚಿತ್ರದ ಪುಸ್ತಕಗಳಿಗೆ ಬಳಸುವ, ಮುಟ್ಟಿದರೆ ಕೈ ಜಾರುವ ಕಾಗದ. ನೀರು ಹೀರುವುದಿಲ್ಲ, ಧೂಳು ಹಿಡಿಯುವುದಿಲ್ಲ. ತಳದ ಅಳತೆಗೆ ಮೂವತ್ತು ಹಾಳೆ ಕತ್ತರಿಸಿಟ್ಟುಕೊಂಡರು. ದಿನಕ್ಕೆ ಮೂರು ಬದಲಿಸಿದರೆ ಹತ್ತು ದಿನಕ್ಕೆ ಸಾಕು.

ಸೊಸೆ ಬಂದು ನೋಡಿದಳು. ಹಾಳೆಯ ಮೇಲೆ ಬೆರಳಾಡಿಸಿದಳು. "ಮಾವ, ಇದು ಸ್ವಲ್ಪ..." ಎಂದಳು.

"ಪೆಟ್ಟಿಗೆ ನೀನು ಮುಟ್ಟಬೇಡಮ್ಮ. ನಿನಗೆ ಸಾವಿರ ಕೆಲಸ. ಇದನ್ನ ನಾನೇ ನೋಡ್ಕೋತೀನಿ."

ಅವಳು ಕೈ ತೆಗೆದಳು.

ಹದಿನೆಂಟನೆಯ ದಿನ, ಬುಧವಾರ, ಐದು ಮೊಟ್ಟೆ ಒಡೆದವು. ಉಳಿದ ಒಂಬತ್ತು ಒಡೆಯಲಿಲ್ಲ. ಐದು ಮರಿಗಳೂ ಹೆಬ್ಬೆಟ್ಟಿನ ತುದಿಯಷ್ಟಿದ್ದವು, ಹಳದಿ ಮೈಗೆ ಕಂದು ಗೀರು. ಅವನ್ನು ಹೊಸ ಪೆಟ್ಟಿಗೆಗೆ ವರ್ಗಾಯಿಸಿ, ಹಾಲ್‌ನ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಕಾವಿಗೆ ಅರವತ್ತು ವ್ಯಾಟಿನ ಬಲ್ಬ್ ಇಳಿಬಿಟ್ಟರು. ಸ್ವಿಚ್ ಪಕ್ಕದ ಗೋಡೆಯಲ್ಲೇ ಇತ್ತು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಿರಲೆಂದು ಪಿಟೀಲು ತನ್ನ ಗೋಲಿಗಳನ್ನು ತಂದು ಹಾಕಿದಳು. ಮೊದಲೆರಡು ದಾನ, ಮಿಕ್ಕವು ಸಾಲ ಎಂದು ಬೈಂಡರಿಗೆ ಹೇಳಿದಳು.

ಬೈಂಡರಿಗೆ ಬೆಳಿಗ್ಗೆ ಎಂಟಕ್ಕೆ ವಾಚನಾಲಯಕ್ಕೆ ಹೋಗುವ ಅಭ್ಯಾಸ. ನಾಲ್ಕು ಪತ್ರಿಕೆ ಓದಿ ಒಂಬತ್ತೂವರೆಗೆ ವಾಪಸ್. ಗುರುವಾರ ಅವರು ಬರುವಷ್ಟರಲ್ಲಿ ಒಂದು ಮರಿ ಕಾಲು ಚಾಚಿಕೊಂಡು ಸತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅವರು ಅದನ್ನು ಹಾಳೆಯಲ್ಲಿ ಸುತ್ತಿ, ಕೆಳಗಿಳಿದು, ಹೂಕುಂಡದ ಮಣ್ಣಿನಲ್ಲಿ ಹುಗಿದು ಬಂದರು. ಅದೇ ಸಂಜೆ ಇನ್ನೊಂದರ ಕಾಲು ಜಾರತೊಡಗಿತು. ಎದ್ದು ನಿಲ್ಲಲು ಹೋದರೆ ಎರಡು ಕಾಲೂ ಎರಡು ದಿಕ್ಕಿಗೆ ಹೋಗಿ, ಹೊಟ್ಟೆ ನೆಲಕ್ಕೆ ಬೀಳುತ್ತಿತ್ತು. ಉಳಿದವು ಅದನ್ನು ತುಳಿದುಕೊಂಡು ಓಡಾಡುತ್ತಿದ್ದವು. ಬೈಂಡರು ಅದನ್ನೆತ್ತಿ ಬೂಟಿನ ಡಬ್ಬಿಯೊಂದರಲ್ಲಿ ಬೇರೆ ಇಟ್ಟರು. ಅದಕ್ಕೂ ಹೊಸ ಹಾಳೆ ಹಾಸಿದರು. ಅದು ಒಂದೇ ಸಮನೆ ಕಿರುಚತೊಡಗಿತು. ಅಷ್ಟು ಸಣ್ಣ ಪ್ರಾಣಿಯಿಂದ ಅಷ್ಟು ದೊಡ್ಡ ಸದ್ದು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಈಗ ಉಳಿದಿದ್ದು ನಾಲ್ಕು, ರೋಗಿಯನ್ನೂ ಸೇರಿಸಿ. ಇನ್ನೊಂದು ಹೋದರೆ ಪಂಜರವೂ ಹೋಗುತ್ತದೆ.

ಬೈಂಡರು ಕೂತು ಲೆಕ್ಕ ಹಾಕಿದರು. ಕಾಳು ಸರಿ, ನೀರು ಸರಿ, ಹಾಸು ಸರಿ. ಉಳಿದಿದ್ದು ಕಾವು. ಬಲ್ಬ್ ಉರಿಯುತ್ತಲೇ ಇದ್ದರೆ ಕಾವು ತಪ್ಪುವುದಿಲ್ಲ, ಯಾರೋ ಆರಿಸಿದರೆ ಮಾತ್ರ ತಪ್ಪುತ್ತದೆ. ಅವರು ಮನೆಯಲ್ಲಿ ಇಲ್ಲದಿರುವುದು ಬೆಳಿಗ್ಗೆ ಒಂದೂವರೆ ತಾಸು. ಆಗ ಮನೆಯಲ್ಲಿರುವುದು ಯಾರು, ಮೆಷಿನ್ ಬೇಕಾಗಿರುವುದು ಯಾರಿಗೆ?

ನೇರ ಕೇಳಬಹುದಿತ್ತು. ಆದರೆ ಬೈಂಡರು ಕೇಳಿ ತಿಳಿದುಕೊಳ್ಳುವ ಪೈಕಿಯವರಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ಒಂದು ಎಳೆ ಕತ್ತರಿಸಿದರು. ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿ ತಾವೇ ಕುದಿಸಿಟ್ಟಿದ್ದ ಮೈದಾ ಅಂಟನ್ನು ಸೂಜಿಮೊನೆಯಷ್ಟು ಹಚ್ಚಿ, ಎಳೆಯ ಒಂದು ತುದಿಯನ್ನು ಸ್ವಿಚ್ಚಿಗೂ ಇನ್ನೊಂದು ತುದಿಯನ್ನು ಪಕ್ಕದ ಬೋರ್ಡಿಗೂ ಕೂರಿಸಿದರು. ಸ್ವಿಚ್ ಅಲುಗಿದರೆ ಎಳೆ ಹರಿಯಬೇಕು. ಗೊತ್ತಿಲ್ಲದವರಿಗೆ ಕಾಣುವುದೂ ಇಲ್ಲ.

ಶುಕ್ರವಾರ ಒಂಬತ್ತೂವರೆಗೆ ಬಂದು ನೋಡಿದಾಗ ಬಲ್ಬ್ ಉರಿಯುತ್ತಿತ್ತು. ಎಳೆ ಹರಿದಿತ್ತು.

ಅಂದು ಎಲ್ಲರೂ ಊಟಕ್ಕೆ ಕೂರುವವರೆಗೆ ಅವರು ಕಾದರು.

"ಬೆಳಿಗ್ಗೆ ಬಲ್ಬ್ ಯಾರು ಆರಿಸಿದ್ದು?"

"ನಾನು," ಎಂದಳು ಸೊಸೆ, ಬೇಳೆ ಬಡಿಸುತ್ತಲೇ.

ಅವಳು ಇಲ್ಲವೆನ್ನುತ್ತಾಳೆ, ಆಗ ಹರಿದ ಎಳೆ ತೋರಿಸಬೇಕು ಎಂದು ಅವರು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದರು. ಅದನ್ನು ಮಡಚಿ ಜೇಬಲ್ಲಿಟ್ಟುಕೊಂಡೂ ಇದ್ದರು. ಈಗ ತೋರಿಸುವ ಅಗತ್ಯವೇ ಇರಲಿಲ್ಲ. ಆದರೂ ತೆಗೆದು ತಟ್ಟೆಯ ಪಕ್ಕ ಇಟ್ಟರು.

"ಏನಿದು?" ಎಂದ ಮಗ.

"ಸ್ವಿಚ್ಚಿಗೆ ಅಂಟಿಸಿದ್ದೆ. ಯಾರಾದ್ರೂ ಮುಟ್ಟಿದ್ರೆ ಗೊತ್ತಾಗ್ಲಿ ಅಂತ."

ಸೊಸೆ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ನನಗೆ ಬಲೆ ಹಾಕಿದ್ರಾ ಮಾವ?"

"ಬಲೆ ಅಲ್ಲ. ಪರೀಕ್ಷೆ."

"ಕೇಳಿದ್ರೆ ಹೇಳ್ತಿದ್ದೆ." ಅವಳ ದನಿ ಏರಲಿಲ್ಲ. "ಎಂಟೂವರೆಗೆ ಕಿಟಕಿ ಬಿಸಿಲು ಪೆಟ್ಟಿಗೆ ಮೇಲೇ ಬೀಳುತ್ತೆ. ಮೇಲಿಂದ ಬಲ್ಬು ಬೇರೆ. ಮರಿಗಳು ಬಾಯಿ ಬಿಟ್ಕೊಂಡು, ರೆಕ್ಕೆ ಅಗಲಿಸ್ಕೊಂಡು, ಮೂಲೆಗೆ ಅಂಟಿ ತೇಕ್ತಿದ್ವು. ಬಿಸಿಲು ಸರಿಯೋವರೆಗೆ ಆರಿಸ್ದೆ. ಕೆಲಸಕ್ಕೆ ಹೊರಡುವಾಗ ಮತ್ತೆ ಹಾಕ್ದೆ."

"ನಿನ್ನೆಯೂ ಆರಿಸಿದ್ದೆ."

"ನಿನ್ನೆ ನನಗೆ ಆರು ಗಂಟೆ ಪಾಳಿ. ಆರಿಸೋಕೆ ನಾನು ಮನೇಲೇ ಇರಲಿಲ್ಲ."

"ಮರಿ ಸತ್ತಿದ್ದು ನಿನ್ನೆ."

"ಗೊತ್ತು."

"ಮರಿ ಉಳೀದಿದ್ರೆ ಮೆಷಿನ್ ಬರುತ್ತೆ. ಅದೂ ಗೊತ್ತಲ್ಲ ನಿನಗೆ?"

"ಅಪ್ಪ," ಎಂದ ಮಗ. "ಏನ್ ಮಾತು ಅಂತ ಆಡ್ತೀಯ?"

"ನೀವು ಸುಮ್ನಿರಿ," ಎಂದಳು ಸೊಸೆ ಗಂಡನಿಗೆ. ಮಾವನ ಕಡೆ ತಿರುಗಿದಳು. "ಮೆಷಿನ್ ಬೇಕು, ಹೌದು. ಬೇಡ ಅಂದ್ರೆ ಸುಳ್ಳಾಗುತ್ತೆ. ಅದಕ್ಕೋಸ್ಕರ ಮರಿ ಸಾಯಿಸೋ ಹೆಂಗಸು ನಾನು ಅಂದ್ಕೊಂಡ್ರೆ ಅಂದ್ಕೊಳ್ಳಿ. ಆದ್ರೆ ಆ ಮರಿ ಕಾಲಿಗೆ ಆಗಿರೋದು ಬಲ್ಬಿಂದ ಅಲ್ಲ. ನೀವು ಕೆಳಗೆ ಹಾಸಿರೋ ಕಾಗದ..."

"ಕಾಗದದ ವಿಷಯ ನನಗೆ ಹೇಳಬೇಡ." ಬೈಂಡರು ಎಡಗೈಯಿಂದ ಮೇಜು ತಟ್ಟಿದರು. "ನಲವತ್ತೊಂದು ವರ್ಷ ಕಾಗದದ ಮಧ್ಯೆ ಇದ್ದವನು ನಾನು."

"ಹೇಳಲ್ಲ," ಎಂದಳು ಅವಳು. ತನ್ನ ತಟ್ಟೆಗೆ ಬಡಿಸಿಕೊಂಡು ತಲೆ ತಗ್ಗಿಸಿ ಉಂಡಳು. ಪಿಟೀಲು ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರೂ ಹೇಳದೆಯೇ ಎದ್ದು ಕೈ ತೊಳೆದು ಬಂದಳು. ಬೂಟಿನ ಡಬ್ಬಿಯೊಳಗಿನ ಸದ್ದು ಮಾತ್ರ ನಿಂತಿರಲಿಲ್ಲ.

ಸೊಸೆ ಹೇಳಿದ ಮಾತಿಗೆ ತಪ್ಪುವವಳಲ್ಲ. ಶನಿವಾರದಿಂದ ಅವಳು ಏನನ್ನೂ ಹೇಳಲಿಲ್ಲ. ಚಹಾ ಇಟ್ಟಿದೀನಿ ಎನ್ನುತ್ತಿದ್ದವಳು ಚಹಾ ಇಟ್ಟು ಹೋದಳು. ಎಲ್ಲರ ಊಟ ಮುಗಿದ ಮೇಲೆ ಬೈಂಡರು ತಡವಾಗಿ ಎದ್ದು ಬಂದಾಗ ಅವರ ತಟ್ಟೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಮೇಜಿನ ಮೇಲಿತ್ತು. ಅನ್ನ, ಪಲ್ಯ, ಒಂದು ಬೇಯಿಸಿದ ಮೊಟ್ಟೆ. ಯಾವುದರಲ್ಲೂ ಕೊರತೆಯಿಲ್ಲ. ಹೆಂಡತಿ ಇದ್ದಾಗ ಅವರಿಗೆ ಉಪ್ಪು ಕಡಿಮೆ ಎಂದು ಗೊಣಗಲು ಒಬ್ಬರಿದ್ದರು. ಇವಳ ಅಡುಗೆಯಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಆ ಶನಿವಾರ ಬೆಳಿಗ್ಗೆ ಅವರು ವಾಚನಾಲಯಕ್ಕೆ ಹೋಗಲಿಲ್ಲ. ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಸೊಸೆ ಒಗೆದ ಬಟ್ಟೆ ಹರವಲು ಮಹಡಿಗೆ ಹೋಗಿದ್ದಳು. ಎಂಟೂವರೆಗೆ ಎದುರು ಮನೆಯ ನೀರಿನ ಟ್ಯಾಂಕಿನ ಮರೆಯಿಂದ ಬಿಸಿಲು ಹೊರಬಂದು ಕಿಟಕಿ ದಾಟಿ, ಮೇಜಿಗೇರಿ, ಪೆಟ್ಟಿಗೆಯ ಬಿಳಿ ಒಳಗೋಡೆಗೆ ಬಡಿಯಿತು. ಐದು ನಿಮಿಷಕ್ಕೆ ಮೂರೂ ಮರಿಗಳು ಮೂಲೆ ಸೇರಿದವು. ಕೊಕ್ಕು ತೆರೆದುಕೊಂಡಿತು, ರೆಕ್ಕೆ ಮೈಯಿಂದ ದೂರ ಸರಿಯಿತು, ಗಂಟಲು ಪಟಪಟ ಬಡಿಯತೊಡಗಿತು. ಬೈಂಡರು ಎದ್ದು ಬಲ್ಬ್ ಆರಿಸಿದರು.

ಗುರುವಾರ ಆ ಹೊತ್ತಿಗೆ ತಾವು ವಾಚನಾಲಯದಲ್ಲಿ ಕೂತು ಎರಡನೆಯ ಪತ್ರಿಕೆ ಓದುತ್ತಿದ್ದುದು ಅವರಿಗೆ ನೆನಪಾಯಿತು. ಮಹಡಿ ಮೆಟ್ಟಿಲಲ್ಲಿ ಸೊಸೆಯ ಚಪ್ಪಲಿ ಸದ್ದು ಕೇಳಿದಾಗ, ಬಿಸಿಲು ಸರಿದಿತ್ತಾದ್ದರಿಂದ, ಬೇಗನೆ ಸ್ವಿಚ್ ಹಾಕಿ ಕುರ್ಚಿಗೆ ಬಂದು ಕೂತರು.

ಭಾನುವಾರ ಮಧ್ಯಾಹ್ನ ನಿದ್ದೆ ತಿಳಿದೆದ್ದಾಗ ಮನೆ ನಿಶ್ಶಬ್ದವಾಗಿತ್ತು. ಡಬ್ಬಿಯ ಕಿರುಚಾಟ ನಿಂತಿತ್ತು. ರೋಗಿ ಹೋಯಿತೆಂದುಕೊಂಡೇ ಬೈಂಡರು ಬಂದು ಬಗ್ಗಿ ನೋಡಿದರು. ಬೂಟಿನ ಡಬ್ಬಿಯಲ್ಲಿ ಎರಡು ಮರಿಗಳಿದ್ದವು. ಒಂದು ನಿಂತಿತ್ತು. ಕಾಲು ಚಾಚಿಕೊಂಡ ಇನ್ನೊಂದು ಅದರ ಹೊಟ್ಟೆಗೆ ತಲೆಯಿಟ್ಟು, ಮುಂದಿದ್ದ ಪುಡಿಕಾಳನ್ನು ಕುಟುಕುತ್ತಿತ್ತು.

"ಪಿಟೀಲೂ, ಇದನ್ನ ಇಲ್ಲಿಗೆ ಯಾರು ಹಾಕಿದ್ದು?"

"ಅಮ್ಮ. ಒಂದೇ ಇದ್ರೆ ಅದು ತಿನ್ನಲ್ವಂತೆ. ಅಜ್ಜಿ ಹೇಳಿದ್ರಂತೆ."

"ನಿಮ್ಮಜ್ಜಿ ನನಗೆ ಹೇಳಲಿಲ್ಲ."

"ನೀವು ಕೇಳಿರಲ್ಲ," ಎಂದಳು ಪಿಟೀಲು. "ನನ್ನ ಗೋಲಿ ಯಾವಾಗ ಕೊಡ್ತೀರ?"

ಸೋಮವಾರ ಬೆಳಿಗ್ಗೆ ಅವರು ರೋಗಿಯನ್ನು ಡಬ್ಬಿಯ ಸಮೇತ, ಜೊತೆಗಾರನ ಸಮೇತ, ಪಶು ಆಸ್ಪತ್ರೆಗೆ ಒಯ್ದರು. ಎರಡು ಹಸು, ಒಂದು ಕುಂಟು ನಾಯಿ ಆದಮೇಲೆ ಅವರ ಸರದಿ. ಡಾಕ್ಟರು ಮಗನಿಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮರಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡು ಕಾಲನ್ನು ಬೆರಳಿಂದ ಒಳಗೆ ತಂದು ಬಿಟ್ಟರು. ಅದು ಮತ್ತೆ ಹೊರಗೆ ಜಾರಿತು.

"ಎಷ್ಟು ದಿನ ಆಯ್ತು?"

"ಹುಟ್ಟಿ ಐದು ದಿನ. ಕಾಲಿಗೆ ಹೀಗಾಗಿ ನಾಲ್ಕು."

"ಕೆಳಗೆ ಏನು ಹಾಸಿದೀರ?"

"ಆರ್ಟ್ ಪೇಪರ್," ಎಂದರು ಬೈಂಡರು. "ನೂರ ಮೂವತ್ತು ಗ್ರಾಮಿನದು. ದಿನಕ್ಕೆ ಮೂರು ಸಲ ಬದಲಿಸ್ತೀನಿ."

ಡಾಕ್ಟರು ಡಬ್ಬಿಯೊಳಗಿನ ಹಾಳೆಯನ್ನು ಬೆರಳಿಂದ ಸವರಿ, ಬೆರಳು ಜಾರಿದ ವೇಗಕ್ಕೆ ಹುಬ್ಬೇರಿಸಿದರು. "ಚೆನ್ನಾಗಿದೆ. ಇದರ ಮೇಲೆ ನೀವು ನಡೆದು ನೋಡಿದೀರಾ, ಕಾಲಿಗೆ ಸೋಪು ಹಚ್ಕೊಂಡು?"

ಬೈಂಡರು ಹಾಳೆ ನೋಡಿದರು.

"ಮೂಳೆ ಗಟ್ಟಿಯಾಗೋ ಮುಂಚೆ ಹಿಡಿತ ಸಿಗಬೇಕು ಸಾರ್. ಜಾರಿದ್ರೆ ಕಾಲು ಹೀಗೇ ಅಗಲಿ ನಿಂತುಬಿಡುತ್ತೆ. ತಡ ಆಗಿದೆ, ಆದ್ರೂ ನೋಡಿ. ಗಾಯಕ್ಕೆ ಹಾಕೋ ಪ್ಲಾಸ್ಟರ್ ಇರುತ್ತಲ್ಲ, ಸಣ್ಣ ಪಟ್ಟಿ ಕತ್ತರಿಸಿ, ಎರಡೂ ಕಾಲನ್ನ ಮೈ ಕೆಳಗೆ ತಂದು ಒಂದಕ್ಕೊಂದು ಸೇರಿಸಿ ಕಟ್ಟಿ. ನಾಲ್ಕು ದಿನ ಬಿಡಿ. ಹಾಸೋದಕ್ಕೆ ಒರಟಾಗಿರೋದು ಏನಾದ್ರೂ ಹಾಕಿ. ಮೊದಲು ಮನೇಲಿ ಯಾರು ಸಾಕ್ತಿದ್ರು?"

"ನನ್ನ ಹೆಂಡತಿ. ಈಗಿಲ್ಲ."

"ಅವರ ಜೊತೆ ಕೈ ಹಾಕ್ತಿದ್ದವರು ಯಾರಾದ್ರೂ ಇದ್ರೆ ಕೇಳಿ," ಎಂದು ಡಾಕ್ಟರು ಮರಿಯನ್ನು ವಾಪಸ್ ಕೊಟ್ಟರು. "ಕಟ್ಟೋದು ಒಬ್ಬರಿಂದ ಆಗೋ ಕೆಲಸ ಅಲ್ಲ. ಒಬ್ಬರು ಹಿಡ್ಕೋಬೇಕು."

ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಯಾವುದೋ ಕಟ್ಟಡದ ಲಿಫ್ಟಿನ ತಲೆಯ ಮೇಲೆ ನಿಂತಿರುತ್ತಾನೆ, ಪಿಟೀಲು ಶಾಲೆಯಲ್ಲಿ. ಬೈಂಡರು ಪ್ಲಾಸ್ಟರಿನಿಂದ ಕಡ್ಡಿಯಗಲದ ಪಟ್ಟಿ ಕತ್ತರಿಸಿದರು. ಅಷ್ಟು ನೇರವಾದ ಪಟ್ಟಿಯನ್ನು ಡಾಕ್ಟರೂ ಕತ್ತರಿಸಲಾರರು. ಎಡಗೈಯಲ್ಲಿ ಮರಿ ಹಿಡಿದು ಬಲಗೈಯಲ್ಲಿ ಕಟ್ಟಲು ನೋಡಿದರು. ಒಂದು ಕಾಲು ಒಳಗೆ ತಂದರೆ ಇನ್ನೊಂದು ತಪ್ಪಿಸಿಕೊಂಡಿತು. ಎರಡನೆಯ ಸಲ ಪಟ್ಟಿ ರೆಕ್ಕೆಗೆ ಅಂಟಿತು. ಬಿಡಿಸುವಾಗ ನಾಲ್ಕು ತುಪ್ಪಳ ಕಿತ್ತು ಬಂತು, ಮರಿ ಕೂಗಿತು. ಅವರು ಅದನ್ನು ಜೊತೆಗಾರನ ಪಕ್ಕ ಇಳಿಸಿ ಕೈ ಒರೆಸಿಕೊಂಡರು. ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಸೊಸೆ ಬರುವುದು ಐದೂವರೆಗೆ.

ಬೈಂಡರು ಮುಚ್ಚಿಟ್ಟ ತಟ್ಟೆ ತೆರೆದು ಒಬ್ಬರೇ ಉಂಡರು. ತಟ್ಟೆ ತೊಳೆದರು. ಕೂತರು.

ಸೊಸೆ ಬಂದವಳು ಚೀಲ ಗೂಟಕ್ಕೆ ತೂಗುಹಾಕಿ ನೇರ ಬಾಲ್ಕನಿಗೆ ಹೋಗಿ ನಲ್ಲಿ ತಿರುಗಿಸಿದಳು. ಬಕೆಟ್ ತುಂಬುವ ಸದ್ದು. ಬೈಂಡರು ಬಾಗಿಲವರೆಗೆ ಬಂದು ನಿಂತರು. ಅವಳು ತಿರುಗಿ ನೋಡಲಿಲ್ಲ. ಅವರು ನಲ್ಲಿ ನಿಲ್ಲುವವರೆಗೆ ಕಾದರು.

"ಒಂದು ಕೆಲಸ ಇತ್ತು," ಎಂದರು.

"ಹೇಳಿ."

"ಮರಿ ಕಾಲು ಕಟ್ಟಬೇಕಂತೆ. ನನ್ನೊಬ್ಬನಿಂದ ಆಗ್ತಿಲ್ಲ. ಸ್ವಲ್ಪ ಹಿಡ್ಕೋತೀಯಾ?"

ಅವಳು ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು. ಲಾಂಡ್ರಿಯ ಬಿಸಿನೀರಿಗೆ ಆ ಬೆರಳುಗಳ ತುದಿಗಳು ಯಾವಾಗಲೂ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. "ಕೈ ತಣ್ಣಗಿದೆ. ತಡೀರಿ," ಎಂದು ಸ್ಟೌವ್ ಹಚ್ಚಿ ಅಂಗೈ ಕಾಯಿಸಿಕೊಂಡು ಬಂದಳು.

ಅವಳು ಮರಿಯನ್ನು ಬೆನ್ನ ಮೇಲೆ ಮಲಗಿಸಿ, ಹೆಬ್ಬೆರಳಿಂದ ಎದೆ ಒತ್ತದೆ ಒತ್ತಿ ಹಿಡಿದಳು. ಮರಿ ಮಿಸುಕಾಡುವುದನ್ನು ನಿಲ್ಲಿಸಿತು. ಬೈಂಡರು ಪಟ್ಟಿ ಸುತ್ತಿದರು.

"ತುಂಬ ಹತ್ತಿರ ಆಯ್ತು ಮಾವ. ನಡುವೆ ಒಂದು ಬೆಂಕಿಕಡ್ಡಿ ತೂರೋವಷ್ಟು ಬಿಡಿ."

ಅವರು ಬಿಚ್ಚಿ ಮತ್ತೆ ಕಟ್ಟಿದರು. ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ಅದು ಮುಗ್ಗರಿಸಿ ಮೂತಿ ಊರಿತು.

"ನಾಲ್ಕೂ ಉಳಿದ್ರೆ ಪಂಜರ ಇಲ್ಲೇ ಇರುತ್ತೆ," ಎಂದರು ಬೈಂಡರು, ಮರಿಯನ್ನು ನೋಡುತ್ತ. "ಗೊತ್ತಲ್ಲ?"

"ಗೊತ್ತಿದ್ದೇ ಹಿಡ್ಕೊಂಡಿದೀನಿ," ಎಂದಳು ಅವಳು. "ಆ ಕಾಗದ ತೆಗೀರಿ. ಅಕ್ಕಿ ತಂದ ಗೋಣಿ ಇದೆ, ಕೊಡ್ತೀನಿ."

ಬೈಂಡರು ಎರಡೂ ಪೆಟ್ಟಿಗೆಗಳ ಹಾಳೆ ತೆಗೆದರು. ಕತ್ತರಿಸಿಟ್ಟಿದ್ದರಲ್ಲಿ ಉಳಿದ ಹತ್ತು ಹನ್ನೆರಡು ಹಾಳೆಗಳನ್ನು ಮಡಚಿ ರದ್ದಿಗೆ ಹಾಕಿದರು. ಗೋಣಿಯನ್ನು ಅಳತೆಗೆ ಕತ್ತರಿಸಿದಾಗ ಅಂಚಿನಿಂದ ನಾರು ಬಿಟ್ಟುಕೊಂಡಿತು.

"ಹಾಗೇ ಹಾಕಬೇಡಿ. ನಾರು ಬೆರಳಿಗೆ ಸುತ್ಕೊಂಡ್ರೆ ಬೆರಳೇ ಹೋಗುತ್ತೆ. ಅತ್ತೆ ನಾಲ್ಕೂ ಕಡೆ ಮಡಚಿ ಹೊಲೀತಿದ್ರು."

ಅದು ಬೈಂಡರಿಗೆ ಬಾರದ ಕೆಲಸವೇನಲ್ಲ. ಮೇಣ ತೀಡಿದ ದಾರ ಪೋಣಿಸಿಕೊಂಡು ಕಿಟಕಿ ಬೆಳಕಿಗೆ ಕೂತರು. ಅಂಚು ಮಡಚಿ ಹೊಲಿಯುತ್ತ ಮೂಲೆಗೆ ಬಂದಾಗ, ಪುಸ್ತಕದ ಬೆನ್ನಿನಲ್ಲಿ ಮಾಡುವಂತೆ ಸೂಜಿಯನ್ನು ಹಿಂದಕ್ಕೊಯ್ದು, ಹಿಂದಿನ ಹೊಲಿಗೆಯ ಅಡಿಯಿಂದ ತೂರಿಸಿ, ಕುಣಿಕೆ ಬಿಗಿದರು. ಸೊಸೆ ಸೊಪ್ಪು ಬಿಡಿಸುತ್ತ ಎದುರಿಗೆ ಕೂತಿದ್ದಳು. ಬಿಡಿಸುವುದನ್ನು ನಿಲ್ಲಿಸಿ ಅವರ ಕೈ ನೋಡಿದಳು.

"ಇದೇ ಹೊಲಿಗೆ," ಎಂದಳು.

"ಯಾವುದು?"

"ಅತ್ತೆ ಹಾಕ್ತಿದ್ದಿದ್ದು. ಮೂಲೆ ಬಂದಾಗ ಹೀಗೇ ಹಿಂದಕ್ಕೆ ಹೋಗಿ ಗಂಟು ಹಾಕ್ತಿದ್ರು. ಇದೆಲ್ಲಿ ಕಲಿತ್ರಿ ಅಂತ ಕೇಳಿದ್ದೆ ಒಂದ್ಸಲ. ಯಾರೂ ಕಲಿಸಿಲ್ಲ, ನಿಮ್ಮಾವ ಮನೆಗೆ ಪುಸ್ತಕ ತಂದು ಹೊಲಿಯೋವಾಗ ಪಕ್ಕದಲ್ಲಿ ಕೂತು ನೋಡಿದ್ದು ಅಂದ್ರು." ಅವಳು ಸೊಪ್ಪಿಗೆ ಮರಳಿದಳು. "ಆ ಗೋಣಿ ತುಂಡು ಅಟ್ಟದ ಮೇಲೇ ಇತ್ತು. ಮರಿ ಮಾಡಿಸ್ತೀನಿ ಅಂದಾಗ ಒಗೆದುಕೊಡೋಣ ಅಂತ ಹುಡುಕಿದೆ, ಸಿಗಲಿಲ್ಲ."

ಬೈಂಡರು ಇನ್ನೆರಡು ಹೊಲಿಗೆ ಹಾಕಿದರು.

"ನಾನೇ ಎಸೆದೆ," ಎಂದರು. "ಅಂಚು ನೋಡಲಿಲ್ಲ."

ಅವರು ಮೂರನೆಯ ಮೂಲೆಯಲ್ಲಿ ಸೂಜಿ ಹಿಂದಕ್ಕೊಯ್ಯುವಾಗ ಕುಣಿಕೆ ಎರಡು ಸಲ ತಪ್ಪಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಬುಧವಾರ ಊಟದ ಹೊತ್ತಿಗೆ ಅವರು ಮತ್ತೆ ಮೇಜಿಗೆ ಬಂದು ಎಲ್ಲರ ಜೊತೆ ಕೂತರು. ಪಿಟೀಲು ತಟ್ಟೆ ಸರಿಸಿ ಜಾಗ ಮಾಡಿದಳು.

"ಪಂಜರ ನನ್ನ ಕೋಣೆಗೆ ಹಾಕ್ಕೋತೀನಿ," ಎಂದರು ಬೈಂಡರು. "ಕಿಟಕಿ ಕೆಳಗೆ."

"ಕಿಟಕಿ ಕೆಳಗೆ ಅಮ್ಮನ ಮಂಚ ಇದೆಯಲ್ಲಪ್ಪ," ಎಂದ ಮಗ.

"ಬಿಚ್ಚಿ ಅಟ್ಟಕ್ಕೆ ಹಾಕು. ಖಾಲಿ ಮಂಚ ನೋಡ್ಕೊಂಡು ಎಷ್ಟು ದಿನ ಮಲಗ್ಲಿ?"

"ವಾಸನೆ ಬರುತ್ತೆ ಮಾವ," ಎಂದಳು ಸೊಸೆ.

"ಬರ್ಲಿ. ಬಾಲ್ಕನಿ ಅಳತೆ ತೆಗೆದೆ. ಪಂಜರ ತೆಗೆದ್ರೆ ನಲ್ಲಿ ಎದುರಿಗೆ ಎರಡಡಿ ಸಿಗುತ್ತೆ. ಮೆಷಿನ್ ಕೂರುತ್ತೆ."

ಸೊಸೆ ಅವರ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿದಳು. ಸಾಕು ಎನ್ನುವ ಮುಂಚೆಯೇ ಹಾಕಿ ಮುಗಿಸಿದ್ದಳು.

ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಡಾಕ್ಟರು ಹೇಳಿದಷ್ಟು ದಿನ ತುಂಬಿದ ಮೇಲೆ, ಬೈಂಡರು ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಸಿ ಬಿಡಿಸಿದರು. ಈಗ ಮರಿ ಮೊದಲಿನಂತೆ ಮಿಸುಕಾಡಲಿಲ್ಲ, ಒಬ್ಬರ ಕೈಯಲ್ಲೇ ಕೆಲಸವಾಯಿತು. ಗೋಣಿಯ ಮೇಲೆ ಬಿಟ್ಟರು. ಅದು ಕುಕ್ಕರಿಸಿತು. ಬಲಗಾಲು ಕೊಂಚ ಹೊರಕ್ಕೆ ಸರಿದು, ಉಗುರು ನಾರಿಗೆ ಸಿಕ್ಕಿ, ನಿಂತಿತು. ಆಮೇಲೆ ಎಡಗಾಲು. ಜೊತೆಗಾರ ಡಬ್ಬಿಯ ಆಚೆ ತುದಿಯಲ್ಲಿತ್ತು. ರೋಗಿ ಎದ್ದು, ಓಲಾಡಿ, ಒಂದು ಸಲ ಬಿದ್ದು, ಮತ್ತೆದ್ದು ಅದರ ಬಳಿ ಹೋಗಿ ಮುಟ್ಟಿತು.

"ಏ, ನೋಡಿಲ್ಲಿ," ಎಂದರು ಬೈಂಡರು, ಅಡುಗೆಮನೆಯ ಕಡೆ ತಲೆ ತಿರುಗಿಸಿ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಗೆದು ಮಗುಚಿಟ್ಟ ಪಾತ್ರೆಗಳು, ಒಂದು ಒದ್ದೆ ಬಟ್ಟೆ. ನಲವತ್ತು ವರ್ಷದ ರೂಢಿ, ಏಳೆಂಟು ತಿಂಗಳಲ್ಲಿ ಹೋಗುವುದಿಲ್ಲ. ಆಮೇಲೆ ಕುರ್ಚಿಯನ್ನು ಎತ್ತಿ ಹೊರಬಾಗಿಲ ಬಳಿ ಇಟ್ಟುಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾಲ್ಕೂಕಾಲಕ್ಕೆ ಮೇಲಿನ ಮನೆಯವರು ಇಳಿದು ಹೋದರು. ಐದಕ್ಕೆ ಪಿಟೀಲು ಬಂದು, ಚೀಲ ಎಸೆದು, ಮರಿಯನ್ನು ಅರ್ಧ ನಿಮಿಷ ನೋಡಿ, "ನಡೀತಲ್ಲ, ಈಗ ಗೋಲಿ ಕೊಡಿ," ಎಂದು ಆಡಲು ಓಡಿದಳು. ಬೈಂಡರು ಮತ್ತೂ ಕೂತರು.

ಐದೂವರೆಗೆ ಮೆಟ್ಟಿಲ ಮೇಲೆ ಸೊಸೆಯ ಚಪ್ಪಲಿ ಕೇಳಿಸಿತು. ಅಂದು ಅದು ಎಂದಿಗಿಂತ ನಿಧಾನವಾಗಿತ್ತು. ಬಾಗಿಲಲ್ಲಿ ಮಾವನನ್ನು ಕಂಡು ಅವಳು ಗಾಬರಿಯಾದಳು.

"ಏನಾಯ್ತು ಮಾವ?"

"ನಡೀತು."

ಅವಳು ಚೀಲ ಹೆಗಲಲ್ಲೇ ಇಟ್ಟುಕೊಂಡು ಬಗ್ಗಿ ನೋಡಿದಳು. ಮರಿ ಓಲಾಡುತ್ತ ನಾಲ್ಕು ಹೆಜ್ಜೆ ಇಟ್ಟಿತು.

"ಸ್ವಲ್ಪ ಕುಂಟುತ್ತೆ," ಎಂದರು ಬೈಂಡರು.

"ಕುಂಟ್ಲಿ. ಊಟ ಮಾಡೋಕೆ ಕಾಲು ಬೇಕಾ?" ಅವಳು ನೆಟ್ಟಗಾಗಿ ಕತ್ತು ಒರೆಸಿಕೊಂಡಳು. "ಎಂಥಾ ಸೆಕೆ. ಆ ಬಲ್ಬ್ ಇನ್ನೂ ಉರೀತಿದೆ ನೋಡಿ. ಆರಿಸಿ ಮಾವ, ಅವಕ್ಕೂ ಸೆಕೆ ಆಗಲ್ವಾ."

ಬೈಂಡರು ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಎದ್ದು ಹೋದರು. ಸ್ವಿಚ್ ಆರಿಸಿದರು. ಬೋರ್ಡಿನ ಮೇಲೆ ಆ ಕಾಗದದ ಎಳೆಯ ತುದಿ ಇನ್ನೂ ಅಂಟಿಕೊಂಡಿತ್ತು. ಅವರು ಉಗುರಿನಿಂದ ಕೆರೆದರು. ಅಂಟು ಅವರೇ ಕುದಿಸಿದ್ದು, ಒಳ್ಳೆಯ ಅಂಟು. ಎಷ್ಟು ಕೆರೆದರೂ ಪೂರ್ತಿ ಬರಲಿಲ್ಲ.